ಅಡ್ಡಬಿಲ್ಲಿಗೆ ಅರಿಸಿನ ಕುಂಕುಮ

ಸಾಮಾನು ಆರಿಸುವುದರಲ್ಲಿ ಮನುಷ್ಯರು ಎರಡು ಬಗೆ. ಅಂಗಡಿಗೆ ಹೋಗಿ ಮೊದಲು ಕೈಗೆ ಸಿಕ್ಕಿದ್ದನ್ನು ತಂದು, ಆಮೇಲೆ ಜೀವಮಾನವಿಡೀ ಅದರ ಗುಣಗಾನ ಮಾಡುವವರು ಒಂದು ಬಗೆ. ಅಂಗಡಿಯಲ್ಲಿರುವುದನ್ನೆಲ್ಲ ಕೆಳಗಿಳಿಸಿ, ತಟ್ಟಿ, ಮೂಸಿ, ಬೆಳಕಿಗೆ ಹಿಡಿದು, ನಾಲ್ಕು ಜನರನ್ನು ವಿಚಾರಿಸಿ, ಕಡೆಗೆ ಅಲ್ಲಿರುವುದರಲ್ಲೆಲ್ಲ ಕೆಟ್ಟದ್ದನ್ನು ಮನೆಗೆ ಹೊತ್ತು ತರುವವರು ಇನ್ನೊಂದು ಬಗೆ. ನಾನು ಎರಡನೆಯ ಬಗೆಯವನು. ನಾನು ತಟ್ಟಿ ನೋಡಿ ತಂದ ಕಲ್ಲಂಗಡಿ ಒಳಗೆ ಕೆಂಪಗಿದ್ದದ್ದು ನನಗೆ ನೆನಪಿಲ್ಲ. ನಾನು ಆರಿಸಿದ ಪ್ರೆಶರ್ ಕುಕ್ಕರು ಮೂರು ಸಲ ಕೂಗುವ ಬದಲು ಒಂದೇ ಸಲ ದೀರ್ಘವಾಗಿ ಕೂಗಿ, ಆಮೇಲೆ ಮುನಿಸಿಕೊಂಡವರ ಹಾಗೆ ಕೂತುಬಿಡುತ್ತಿತ್ತು. ಇಂಥವನ ಕೈಗೆ, ನೈರೋಬಿಯಲ್ಲಿದ್ದಾಗ, ಬೇಟೆಯ ಬಿಲ್ಲೊಂದನ್ನು ಆರಿಸುವ ಕೆಲಸ ಬಂದಿತ್ತು. ಅದು ಬರುವುದಕ್ಕೆ ಕಾರಣವೂ ನಾನೇ. ಆ ಮಾತನ್ನು ಮೊದಮೊದಲು ಯಾರಿಗೂ ಹೇಳಿರಲಿಲ್ಲ. ಈಗ ನಿಮಗೂ ಹೇಳಿ ಹಗುರಾಗುತ್ತೇನೆ.

ಆಗ ನಾನು ಪಶುವೈದ್ಯ ಕಾಲೇಜೊಂದರ ಉಗ್ರಾಣದ ಮುಖ್ಯಸ್ಥ. ಊರಿನ ಕಡೆಯವರು ಕೇಳಿದರೆ “ಆಫ್ರಿಕಾದಲ್ಲಿ ಪ್ರಾಣಿಗಳ ಜೊತೆ ಕೆಲಸ” ಎಂದು ಗಂಭೀರವಾಗಿ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಪ್ರಾಣಿಗಳಿಗೂ ನನಗೂ ನಡುವೆ ಯಾವಾಗಲೂ ಒಂದು ಕೌಂಟರ್ ಇತ್ತು. ಕೌಂಟರಿನ ಈಚೆಗೆ ನಾನು, ನನ್ನ ರಿಜಿಸ್ಟರು, ರಬ್ಬರ್ ಸ್ಟಾಂಪು ಮತ್ತು ಒಂದು ಸ್ಟೇಪ್ಲರು. ಹತ್ತಿ, ಸೂಜಿ, ಹಗ್ಗ, ಗಂಬೂಟು, ಏನು ಹೊರಗೆ ಹೋದರೂ ಬರೆದುಕೊಳ್ಳುತ್ತಿದ್ದೆ. ಒಳಗೆ ಬಂದರೂ ಬರೆದುಕೊಳ್ಳುತ್ತಿದ್ದೆ. ಯಾವ ಗಂಬೂಟಿನ ಎಡಗಾಲು ಯಾವಾಗ ತೂತಾಯಿತು ಎಂಬುದಕ್ಕೂ ನನ್ನ ಬಳಿ ದಾಖಲೆ ಇತ್ತು. ನನ್ನ ಕಣ್ಣು ತಪ್ಪಿಸಿ ಒಂದು ಸಂಗತಿಯೂ ನಡೆಯಲಾರದು ಎಂಬ ಸಣ್ಣ ಜಂಬವೂ ಇತ್ತು. ಅದನ್ನು ಮಾತ್ರ ಎಲ್ಲೂ ಬರೆದಿಟ್ಟಿರಲಿಲ್ಲ.

ಉಗ್ರಾಣದ ಹಿಂಬದಿಯ ಬೀರುವಿನಲ್ಲಿ ಒಂದು ಕ್ರಾಸ್‌ಬೋ ಇತ್ತು. ಬಂದೂಕಿನ ಹಿಡಿಯ ಮೂತಿಗೆ ಬಿಲ್ಲೊಂದನ್ನು ಅಡ್ಡಲಾಗಿ ಮಲಗಿಸಿ ಜೋಡಿಸಿದರೆ ಹೇಗಿರುತ್ತದೋ ಹಾಗೆ. ನಾನು ಮನಸ್ಸಿನಲ್ಲೇ ಅದಕ್ಕೆ ಅಡ್ಡಬಿಲ್ಲು ಎಂದು ಹೆಸರಿಟ್ಟಿದ್ದೆ. ಆ ದೇಶದಲ್ಲಿ ಬೇಟೆಯನ್ನು ನಿಷೇಧಿಸಿ ಹತ್ತು ವರ್ಷ ದಾಟಿತ್ತು. ನಮ್ಮದೂ ಬೇಟೆಯೇ, ಆದರೆ ಕೊಲ್ಲುವ ಬೇಟೆಯಲ್ಲ. ಬಾಣದ ತುದಿಗೆ ಸೂಜಿ, ಸೂಜಿಯೊಳಗೆ ಮಂಪರಿನ ಮದ್ದು. ಕದ್ದು ಬೇಟೆಯಾಡುವವರು ಹುಲ್ಲಿನಲ್ಲಿ ತಂತಿಯ ಉರುಳು ಒಡ್ಡಿರುತ್ತಾರೆ. ಜಿಂಕೆ, ಜೀಬ್ರಾಗಳು ಅದಕ್ಕೆ ಸಿಕ್ಕಿ, ಕಿತ್ತುಕೊಂಡು ಓಡಿ, ಕುತ್ತಿಗೆಯಲ್ಲಿ ತಂತಿ ಬಿಗಿದುಕೊಂಡೇ ತಿರುಗುತ್ತವೆ. ಅವಕ್ಕೆ ದೂರದಿಂದ ಮದ್ದಿನ ಬಾಣ ಹೊಡೆದು, ಮಲಗಿಸಿ, ತಂತಿ ಕತ್ತರಿಸಿ, ಎಬ್ಬಿಸಿ ಕಳಿಸುವುದು ನಮ್ಮ ಡಾಕ್ಟರ್ ಒಟಿಯೆನೊ ಅವರ ಕೆಲಸ. ಬಂದೂಕಿನ ಸದ್ದಿಗೆ ಇಡೀ ಹಿಂಡು ಚದುರಿ ಹೋಗುತ್ತದೆಂದು ಅವರಿಗೆ ಈ ಸದ್ದಿಲ್ಲದ ಬಿಲ್ಲೇ ಇಷ್ಟ. ಮದ್ದಿನ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದ ಮನುಷ್ಯ. ಆದರೆ ಬಿಲ್ಲು ಹಿಡಿದರೆ ಕೋಣೆಯೊಳಗೆ ನಿಂತು ಅದೇ ಕೋಣೆಯ ಗೋಡೆಗೆ ಹೊಡೆಯುವುದೂ ಅನುಮಾನ. ಆದ್ದರಿಂದ ಬಾಣ ಬಿಡುವ ಕೆಲಸ ಮುಟುವಾ ಅವರದ್ದು.

ಮುಟುವಾ ನಮ್ಮ ಕಾಲೇಜಿನ ಲ್ಯಾಂಡ್‌ರೋವರಿನ ಡ್ರೈವರು. ಮಚಾಕೋಸ್ ಕಡೆಯ ಕಂಬಾ ಜನ. ಅವರ ಅಜ್ಜನ ಕಾಲದವರೆಗೂ ಅವರ ಕಡೆ ಬಿಲ್ಲು ಹಿಡಿಯದ ಗಂಡಸನ್ನು ಗಂಡಸರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲವಂತೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಮಾತು ಕಡಿಮೆ. ದಿನಕ್ಕೆ ನಾಲ್ಕು ವಾಕ್ಯ ಆಡಿದರೆ ಅದರಲ್ಲಿ ಮೂರು “ಸವಾ, ಮ್ಜೇ” ಎಂದಿರುತ್ತಿತ್ತು. ಆಗಲಿ, ಹಿರಿಯರೇ ಎಂದು ಅರ್ಥ. ತಾವೇ ಹಿರಿಯರಾಗಿದ್ದೂ ನನ್ನನ್ನು ಹಾಗೆ ಕರೆಯುತ್ತಿದ್ದರು. ನನ್ನ ಬೋಳುತಲೆಗೆ ಕೊಟ್ಟ ಗೌರವ ಅದು.

ಇನ್ನು ನನ್ನ ಹೆಂಡತಿ ವನಜಳ ವಿಷಯ. ಪಾರ್ಕ್‌ಲ್ಯಾಂಡ್ಸಿನ ನಮ್ಮ ಫ್ಲಾಟಿನಲ್ಲಿ ಪ್ರತಿ ನವರಾತ್ರಿಗೂ ಆಯುಧಪೂಜೆ ತಪ್ಪುತ್ತಿರಲಿಲ್ಲ. ಹೊಲಿಗೆ ಯಂತ್ರ, ಮಿಕ್ಸಿ, ಕಾರು, ಮಗಳು ಶುಭಾಳ ಜಾಮಿಟ್ರಿ ಬಾಕ್ಸು, ಎಲ್ಲಕ್ಕೂ ಅರಿಸಿನ ಕುಂಕುಮ. ಮಗಳು ಮಾತ್ರ “ಅಮ್ಮಾ, ನಾಟ್ ಆನ್ ಮೈ ಕ್ಯಾಲ್ಕುಲೇಟರ್!” ಎಂದು ಕೂಗಿಕೊಳ್ಳುತ್ತಿದ್ದಳು. ಆದರೆ ವನಜಳಿಗೆ ಒಂದು ಕೊರಗು ಉಳಿದಿತ್ತು. ಅವಳ ಗೆಳತಿಯರೆಲ್ಲ ಡಾಕ್ಟರುಗಳ ಹೆಂಡತಿಯರು. ಒಬ್ಬರ ಮನೆಯಲ್ಲಿ ಸ್ಟೆತಾಸ್ಕೋಪು ಪೂಜೆಗೆ ಕೂರುತ್ತಿತ್ತು, ಇನ್ನೊಬ್ಬರ ಮನೆಯಲ್ಲಿ ಹಲ್ಲು ಕೀಳುವ ಇಕ್ಕಳ. ನಮ್ಮ ಮನೆಯಲ್ಲಿ ಯಜಮಾನನ ಆಯುಧವೆಂದು ಪೀಠವೇರುತ್ತಿದ್ದದ್ದು ಸ್ಟೇಪ್ಲರು. ನಾಲ್ಕು ಜನ ಬಂದಾಗ ಅದಕ್ಕೆ ಚೆಂಡುಹೂವು ಮುಡಿಸುವುದು ಅವಳಿಗೆ ಕಷ್ಟವಾಗುತ್ತಿತ್ತು. ಹೂವಿನ ಎದುರು ಸ್ಟೇಪ್ಲರು ಕಾಣುತ್ತಲೂ ಇರಲಿಲ್ಲ ಅನ್ನಿ.

ಒಂದು ದಿನ ಮಾತಿಗೆ ಮಾತು ಬಂದು ನಾನು ಬೀರುವಿನಲ್ಲಿದ್ದ ಅಡ್ಡಬಿಲ್ಲಿನ ಸುದ್ದಿ ಬಾಯಿಬಿಟ್ಟೆ. ಆಗಷ್ಟೇ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದೇ ತಿರುಗಿದಳು.

“ರೀ, ಊರಲ್ಲಿರೋರೆಲ್ಲ ಸ್ಟೆತಾಸ್ಕೋಪಿಗೆ ಪೂಜೆ ಮಾಡ್ತಾರೆ. ಆಯುಧ ಅಂತ ಅನ್ನಿಸಿಕೊಳ್ಳೋ ಆಯುಧ ಇರೋದು ನಿಮ್ಮೊಬ್ರ ಹತ್ರ. ಅದನ್ನ ಬೀಗ ಹಾಕಿಟ್ಟು, ನನ್ನ ಕೈಲಿ ಇಷ್ಟು ವರ್ಷ ಸ್ಟೇಪ್ಲರ್‌ಗೆ ಆರತಿ ಎತ್ತಿಸಿದೀರಲ್ಲ!”

“ಅದು ಕಾಲೇಜಿನದು ಕಣೇ.”

“ಸ್ಟೇಪ್ಲರು ನಿಮ್ಮಪ್ಪನದಾ?”

ಹಬ್ಬದ ಹೊತ್ತಿಗೆ ನಾನು ಬೀರುವಿನ ಬೀಗ ತೆಗೆದೆ. ರಿಜಿಸ್ಟರಿನಲ್ಲಿ ‘ಕ್ರಾಸ್‌ಬೋ ಒಂದು, ಶುಚಿಗೊಳಿಸುವ ಸಲುವಾಗಿ ಹೊರಗೆ’ ಎಂದು ಬರೆದೆ. ಸುಳ್ಳೇನೂ ಅಲ್ಲ. ಅದನ್ನು ಅವಳು ಎಷ್ಟು ಶುಚಿಗೊಳಿಸುತ್ತಾಳೆ ಎಂಬುದು ಮಾತ್ರ ಆಗ ನನಗೆ ಗೊತ್ತಿರಲಿಲ್ಲ.

ಮಹಾನವಮಿಯ ಹಿಂದಿನ ದಿನ ನಾನು ಅದನ್ನು ಮನೆಗೆ ತಂದೆ. ಮರುದಿನ ಬೆಳಿಗ್ಗೆ ಮುಟುವಾ ನನ್ನನ್ನು ಕರೆದೊಯ್ಯಲು ಲ್ಯಾಂಡ್‌ರೋವರ್ ತಂದರೆ, ವನಜ ಅದನ್ನೂ ಬಿಡಲಿಲ್ಲ. ಜಕರಂಡಾ ಮರದ ಕೆಳಗೆ, ಉದುರಿದ ನೀಲಿ ಹೂವಿನ ಮೇಲೆ ಗಾಡಿ ನಿಲ್ಲಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಮುಂದಿನ ಗಾಜಿಗೆ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದಳು. ಒಳ್ಳೇ ಕಾಯಿ ಹೀಗೆ ನೆಲದ ಪಾಲಾಯಿತಲ್ಲ ಎಂದು ಗೇಟಿನ ಕಾವಲುಗಾರ ನಿಟ್ಟುಸಿರು ಬಿಟ್ಟ. ಮುಟುವಾ ಮಾತ್ರ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಮದುವೆಮನೆಯಲ್ಲಿ ನಿಂತವರ ಹಾಗೆ ನಿಂತಿದ್ದರು. ಕಡೆಗೆ ವನಜ ಕೋಸಂಬರಿ, ಪುಳಿಯೋಗರೆಯ ಪ್ರಸಾದ ಕೊಡಹೋದಾಗ ಏನೋ ಗಲಾಟೆಯಾಯಿತು. “ಹಪಾನಾ, ಹಪಾನಾ! ಈ ಕೈ ಅಲ್ಲಪ್ಪ, ಬಲಗೈ! ಕುಲಿಯಾ!” ಎಂದು ಅವಳು ಅಡಿಗೆಮನೆಯ ಸ್ವಾಹಿಲಿಯಲ್ಲಿ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ನಾನು ಆಗ ಗಾಡಿಯೊಳಗೆ ಬಗ್ಗಿ, ಅದು ಎಷ್ಟು ಮೈಲಿ ಓಡಿದೆ ಎಂದು ಬರೆದುಕೊಳ್ಳುತ್ತಿದ್ದೆ. ಇಂಥ ಕೆಲಸವೆಂದರೆ ನನಗೆ ಬೇರೆ ಏನೂ ಕಾಣದು.

ಮನೆಯೊಳಗೆ ಪೀಠದ ಮೇಲೆ ಅಡ್ಡಬಿಲ್ಲು ಹೊಳೆಯುತ್ತಿತ್ತು. ಹಿತ್ತಾಳೆಯ ಭಾಗಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದ್ದಳು. ಬಿಲ್ಲಿನ ಹುರಿ ಕಪ್ಪಗೆ, ಅಂಟಂಟಾಗಿ ಇತ್ತಂತೆ. “ಎಷ್ಟು ವರ್ಷದ ಜಿಡ್ಡೋ ಏನೋ ರೀ, ನಿಮ್ಮ ಕಾಲೇಜಿನಲ್ಲಿ ಕೇಳೋರೇ ಇಲ್ಲ” ಎಂದು ಅದಕ್ಕೆ ಬಿಸಿನೀರು, ಸೋಪಿನ ಪುಡಿ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದಳು. ಮೇಲೆ ಅರಿಸಿನ. ಬಂದ ಗೆಳತಿಯರೆಲ್ಲ ಸುತ್ತ ನಿಂತು ನೋಡಿದರು. ಇಕ್ಕಳದ ಮನೆಯವರಂತೂ ಎರಡು ಸಲ ಬಂದು ನೋಡಿದರು. ಆ ದಿನ ವನಜಳ ಮುಖ ನೋಡಿದವರಿಗೆ ನಮ್ಮ ಮದುವೆಯ ಫೋಟೋದ ಮುಖ ಸಪ್ಪೆ ಎನ್ನಿಸಬೇಕು.

ಆ ಕಪ್ಪು ಜಿಡ್ಡು ಜೇನುಮೇಣ ಎಂದೂ, ಹುರಿಯ ಎಳೆಗಳನ್ನು ಹಿಡಿದಿಟ್ಟಿದ್ದದ್ದೇ ಅದು ಎಂದೂ, ಮುಟುವಾ ಅದನ್ನು ವಾರಕ್ಕೊಮ್ಮೆ ಹಚ್ಚುತ್ತಿದ್ದರೆಂದೂ ನನಗೆ ತಿಳಿದದ್ದು ಐದು ದಿನ ಆದಮೇಲೆ. ಅಥಿ ಬಯಲಿನ ಕಡೆ ಒಂದು ಹೆಣ್ಣು ಜೀಬ್ರಾ ಕುತ್ತಿಗೆಯಲ್ಲಿ ತಂತಿ ಬಿಗಿದುಕೊಂಡು ತಿರುಗುತ್ತಿದೆ ಎಂದು ಸುದ್ದಿ ಬಂದು, ಡಾಕ್ಟರೂ ಮುಟುವಾ ಅವರೂ ಹೋದರು. ಜೀಬ್ರಾ ನಲವತ್ತು ಹೆಜ್ಜೆ ದೂರದಲ್ಲಿ ಮರಿಯ ಜೊತೆ ನಿಂತಿತ್ತಂತೆ. ಮುಟುವಾ ಹುರಿ ಎಳೆದು ಕೊಕ್ಕೆಗೆ ಸಿಕ್ಕಿಸಿದ್ದೇ ತಡ, ಫಟ್ ಎಂದು ಹುರಿ ಕಡಿದು, ಬಿಲ್ಲಿನ ಒಂದು ತೋಳು ಉದ್ದಕ್ಕೆ ಸೀಳಿತು. ಮುಟುವಾ ಅವರ ಟೋಪಿ ಹಾರಿತು. ಅದಕ್ಕಿಂತ ಹೆಚ್ಚಿಗೆ ಏನೂ ಆಗಲಿಲ್ಲ. ಆಗಿದ್ದರೆ ನಾನು ಇದನ್ನು ನಗುತ್ತ ಬರೆಯುತ್ತಿರಲಿಲ್ಲ, ಬರೆಯುತ್ತಲೇ ಇರಲಿಲ್ಲ. ಜೀಬ್ರಾ ಓಡಿಹೋಯಿತು.

ಸಂಜೆ ಡಾಕ್ಟರು ಸೀಳಿದ ಬಿಲ್ಲನ್ನು ನನ್ನ ಕೌಂಟರಿನ ಮೇಲೆ ಇಟ್ಟರು. “ಹುರಿ ಹಳೆಯದಾಗಿತ್ತು ಅಂತ ಮುಟುವಾ ಹೇಳ್ತಾರೆ. ತಂತಿ ಮಾಂಸದ ಒಳಗೆ ಇಳೀತಾ ಇದೆ, ಮಿಸ್ಟರ್ ಮೂರ್ತಿ. ಇನ್ನು ಹತ್ತು ದಿನ. ಆಮೇಲೆ ಅದಕ್ಕೆ ತಲೆ ಬಗ್ಗಿಸಿ ಹುಲ್ಲು ತಿನ್ನೋಕೂ ಆಗಲ್ಲ. ಮರಿ ಇನ್ನೂ ಹಾಲು ಕುಡೀತಾ ಇದೆ. ಹೊಸ ಬಿಲ್ಲು ಬೇಕು. ನೀವೇ ಆರಿಸಿ, ಸಾಮಾನಿನ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ನಾನು ರಿಜಿಸ್ಟರಿನಲ್ಲಿ ‘ಹುರಿ ಸವೆದು ಕಡಿಯಿತು’ ಎಂದು ಬರೆದೆ. ಬರೆಯುವಾಗ ಕೌಂಟರಿನ ಮೇಲಿದ್ದ ಹುರಿಯ ತುಂಡು ಅರಿಸಿನದ ಬಣ್ಣದಲ್ಲಿ ನನ್ನನ್ನೇ ನೋಡುತ್ತಿತ್ತು. ಅದನ್ನು ಡ್ರಾಯರಿಗೆ ಹಾಕಿ ಮುಚ್ಚಿದೆ. ವನಜಳಿಗೂ ಹೇಳಲಿಲ್ಲ. ಅವಳಿಗೆ ಹೇಳಿದ್ದರೆ ಮುಂದಿನ ವರ್ಷದಿಂದ ಪೂಜೆಯನ್ನೇ ಬಿಟ್ಟುಬಿಡುತ್ತಿದ್ದಳು. ಪೂಜೆ ತಪ್ಪಿತಲ್ಲ ಎಂದು ಸ್ಟೇಪ್ಲರಿಗಾಗಿ ನಾನು ನೊಂದುಕೊಳ್ಳುವವನಲ್ಲ. ಅವಳ ಆ ದಿನದ ಮುಖ ನೆನಪಾಗಿ ಬಾಯಿ ಬರಲಿಲ್ಲ.

ನಗರದ ನಡುವೆ ಒಂದು ಹಳೆಯ ಕ್ರೀಡಾ ಸಾಮಾನಿನ ಅಂಗಡಿ ಇತ್ತು. ಬಿಳಿಯರ ಕಾಲದಲ್ಲಿ ಅಲ್ಲಿ ಬೇಟೆಯ ಸಾಮಾನು ಬಿಟ್ಟು ಬೇರೆ ಸಿಗುತ್ತಿರಲಿಲ್ಲವಂತೆ. ಬೇಟೆ ನಿಂತ ಮೇಲೆ ಷಟಲ್ ಕಾಕು, ಈಜುವ ಕನ್ನಡಕ, ಮೀನಿನ ಗಾಳ. ಅಲ್ಲಿನ ಮ್ಯಾನೇಜರು ಪಿಂಟೊ, ಮಂಗಳೂರಿನವರು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಇಂಗ್ಲಿಷು, ನಾನು ಹೋದರೆ ಕನ್ನಡ.

“ಎಂಥದು ಮೂರ್ತಿಗಳೇ, ವನವಾಸಕ್ಕೆ ಹೊರಟದ್ದಾ? ಮನೆಯಲ್ಲಿ ಎಲ್ಲ ಸೌಖ್ಯ ಅಲ್ವಾ?”

“ಕಾಲೇಜಿಗೆ ಕಣ್ರೀ. ಬೇಟೆಗೆ. ಅಂದರೆ ಮದ್ದು ಹೊಡೆಯೋ ಬೇಟೆ.”

“ಹಾಗೆ ಹೇಳಿ ಮತ್ತೆ. ನೀವು ಬೇಟೆಗೆ ಹೋದರೆ ಪ್ರಾಣಿಗೆ ಅಲ್ಲ ಮಾರಾಯ್ರೆ, ನನಗೆ ಹೆದರಿಕೆ.”

ಪಿಂಟೊ ಮೂರು ಬಿಲ್ಲುಗಳನ್ನು ಇಳಿಸಿದರು. ಒಂದು ಯಾವುದೋ ದೊರೆ ಬಿಟ್ಟುಹೋದ ಉಕ್ಕಿನ ಬಿಲ್ಲು. ಎತ್ತುವುದಕ್ಕೇ ಇಬ್ಬರು ಬೇಕು. ಎರಡನೆಯದು ಹೊಚ್ಚ ಹೊಸದು. ದುರ್ಬೀನಿನ ಕಣ್ಣು, ಕೆನ್ನೆ ಒರಗಿಸಲು ತಗ್ಗು ಮಾಡಿ ಮೆತ್ತೆ ಹಾಕಿದ ಹಿಡಿ, ಹೆಬ್ಬೆರಳಿಗೆಂದೇ ಕೊರೆದ ಗುಳಿ, ಕಪ್ಪು ಮೈ. ನೋಡಿದರೆ ಸಾಕು, ಕೈ ತಾನಾಗಿ ಮೀಸೆಗೆ ಹೋಗಬೇಕು. ಮೂರನೆಯದು ಹಸಿರು ಬಣ್ಣ ಬಳಿದ ನೇರವಾದ ಹಲಗೆ, ಅದಕ್ಕೊಂದು ಬಿಲ್ಲು. ಈಳಿಗೆಮಣೆಗೂ ಅದಕ್ಕೂ ವ್ಯತ್ಯಾಸ ಹೇಳಬೇಕಾದರೆ ಹತ್ತಿರ ಹೋಗಿ ನೋಡಬೇಕು.

ನಾನು ಮೂರು ದಿನ ಆ ಅಂಗಡಿಗೆ ಹೋದೆ. ಮೂರು ದಿನ ಎಂದರೆ ಜೀಬ್ರಾದ ಹತ್ತು ದಿನದಲ್ಲಿ ಮೂರು ಎಂಬುದು ಎದೆಯಲ್ಲಿ ಚುಚ್ಚುತ್ತಲೇ ಇತ್ತು. ಆದರೂ ಆತುರದಲ್ಲಿ ಮತ್ತೊಂದು ತಪ್ಪಾಗಬಾರದಲ್ಲ. ತೆಂಗಿನಕಾಯಿ ನೋಡುವ ಹಾಗೆ ಹಿಡಿಯನ್ನು ತಟ್ಟಿದೆ. ಬೆಂಡೆಕಾಯಿ ನೋಡುವ ಹಾಗೆ ಬಾಣದ ತುದಿಯನ್ನು ಬೆರಳಲ್ಲಿ ಒತ್ತಿದೆ. ಅದು ಮುರಿಯಲಿಲ್ಲ, ಬೆರಳು ಚುಚ್ಚಿತು. ಜೊತೆಗೆ ಬಂದ ಪುಸ್ತಿಕೆಗಳನ್ನು ಮನೆಗೆ ತಂದು, ತೂಕ, ಉದ್ದ, ಎಳೆತದ ಬಲ ಎಲ್ಲವನ್ನೂ ಗೆರೆ ಹಾಕಿ ಬರೆದೆ. ಶುಭಾ ಇಣುಕಿ ನೋಡಿ, “ಡ್ಯಾಡ್, ಯೂ ಟುಕ್ ಲೆಸ್ ಟೈಮ್ ಟು ಚೂಸ್ ಮೈ ಸ್ಕೂಲ್” ಎಂದಳು. ಕಡೆಗೆ ಎರಡನೆಯದನ್ನೇ ಆರಿಸಿದೆ. ಒಂದು ವಾರ ಬಳಸಿ ನೋಡಿ, ಬೇಡವಾದರೆ ಹಿಂದಕ್ಕೆ ತರಬಹುದು ಎಂದರು ಪಿಂಟೊ. “ಏನೂ ಬೇಡ, ಇದು ಶಾಶ್ವತ” ಎಂದು ಹೇಳಿ ಬಂದೆ.

ಮರುದಿನ ಉಗ್ರಾಣದ ಹಿಂದೆ ಹುಲ್ಲಿನ ಮೂಟೆ ನಿಲ್ಲಿಸಿ, ಮುಟುವಾ ಅವರ ಕೈಗೆ ಬಿಲ್ಲು ಕೊಟ್ಟೆವು. ಮೊದಲ ಬಾಣ ಮೂಟೆಯ ಎಡಕ್ಕೆ ಹೋಯಿತು. ಎರಡನೆಯದು ಬೇಲಿ ದಾಟಿತು. ಮೂರನೆಯದು ಕಾಲೇಜಿನ ನೀರಿನ ಟ್ಯಾಂಕಿಗೆ ತಗುಲಿ ಠಣ್ ಎಂದಿತು. ಡಾಕ್ಟರು, “ಮುಟುವಾ, ಯೂ ಆರ್ ಶೂಟಿಂಗ್ ಲೈಕ್ ಮಿ!” ಎಂದು ಗಾಬರಿಯಾದರು. ಇಷ್ಟು ವರ್ಷದಲ್ಲಿ ಮುಟುವಾ ಗುರಿ ತಪ್ಪಿದ್ದನ್ನು ಯಾರೂ ನೋಡಿರಲಿಲ್ಲ. ಅವರು ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, ಕೆನ್ನೆಯನ್ನು ಒಮ್ಮೆ ಉಜ್ಜಿಕೊಂಡರು.

“ಬಿಲ್ಲಿನಲ್ಲಿ ಏನಾದರೂ ತೊಂದರೆ ಇದೆಯಾ?” ಎಂದು ಕೇಳಿದೆ.

“ಇಲ್ಲ ಮ್ಜೇ. ಸುಂದರವಾಗಿದೆ. ನೀವು ಆರಿಸಿದ್ದಲ್ಲವಾ. ನನಗೆ ವಯಸ್ಸಾಯಿತು.”

ಅವರು ಹಾಗೆ ಹೇಳಿ ಲ್ಯಾಂಡ್‌ರೋವರಿನ ಕಡೆ ನಡೆದು ಹೋದದ್ದು ಇವತ್ತಿಗೂ ಕಣ್ಣಲ್ಲಿದೆ. ಆವರೆಗೆ ನನ್ನ ಅಪರಾಧ ಒಂದು ಹುರಿಯದ್ದು, ಒಂದು ಜೀಬ್ರಾದ್ದು. ಆ ಕ್ಷಣದಿಂದ ಒಬ್ಬ ಮನುಷ್ಯನದ್ದೂ ಸೇರಿತು.

ಮನೆಗೆ ಬಂದು ಕಾಫಿ ಲೋಟ ಹಿಡಿದುಕೊಂಡು ಸುಮ್ಮನೆ ಕೂತೆ. ನಾನು ಕಾಫಿಯನ್ನು ಬಿಸಿಯಾಗಿರುವಾಗಲೇ ಕುಡಿಯದಿದ್ದರೆ ವನಜಳಿಗೆ ಜ್ವರದ ಅನುಮಾನ. ಕೇಳಿದಳು. ಹುರಿಯ ಸಂಗತಿ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಹಳೆಯ ಬಿಲ್ಲು ಮುರಿದದ್ದು, ಜೀಬ್ರಾ, ಮರಿ, ನೀರಿನ ಟ್ಯಾಂಕು, ಎಲ್ಲ. ಹೊಸ ಬಿಲ್ಲಿನ ಚಿತ್ರವಿದ್ದ ಪುಸ್ತಿಕೆಯನ್ನೂ ತೋರಿಸಿದೆ. ಅವಳು ಚಿತ್ರವನ್ನು ಒಂದು ನಿಮಿಷ ನೋಡಿ, ಪುಸ್ತಿಕೆಯನ್ನೇ ಬಿಲ್ಲಿನ ಹಾಗೆ ಎಡಗೆನ್ನೆಗೆ ಒತ್ತಿಕೊಂಡಳು. ಆಮೇಲೆ ಬಲಗೆನ್ನೆಗೆ.

“ಈ ಮೆತ್ತೆ ಬಲಗೆನ್ನೆ ಒರಗಿಸೋರಿಗೆ ಅಲ್ವೇನ್ರೀ? ಅವರು ಎಡಚ ಅಲ್ವಾ?”

“ಯಾರು?”

“ನಿಮ್ಮ ಮುಟುವಾ.”

“ಯಾರು ಹೇಳಿದರು ನಿನಗೆ?”

“ಯಾರು ಹೇಳಬೇಕು? ಆಯುಧಪೂಜೆ ದಿನ ಪ್ರಸಾದಕ್ಕೆ ಎಡಗೈ ಒಡ್ಡಿದರು. ಬಲಗೈ ನೀಡಿ ಅಂದೆ. ಪಾಪ, ನೀಡಿದರು, ಆದರೆ ಅರ್ಧ ಕೋಸಂಬರಿ ಕೆಳಗೆ ಚೆಲ್ಲಿತು. ಆಮೇಲೆ ಗಾಡಿ ಬಾಗಿಲು ತೆಗೆದದ್ದು ಎಡಗೈಲಿ, ಟೋಪಿ ಹಾಕಿಕೊಂಡದ್ದು ಎಡಗೈಲಿ. ಆರು ವರ್ಷದಿಂದ ಜೊತೆಗಿದೀರಿ, ನಿಮಗೆ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ಆರು ವರ್ಷದಿಂದ ಅವರು ನನ್ನ ರಿಜಿಸ್ಟರಿನಲ್ಲಿ ದಿನಕ್ಕೆರಡು ಸಲ ಸಹಿ ಹಾಕುತ್ತಿದ್ದರು. ನಾನು ಸಹಿಯನ್ನು ನೋಡುತ್ತಿದ್ದೆ, ಕೈಯನ್ನು ನೋಡಿರಲಿಲ್ಲ. ಹಳೆಯ ಬಿಲ್ಲಿನ ಹಿಡಿ ನೇರವಾಗಿತ್ತು, ಯಾವ ಕೆನ್ನೆಗಾದರೂ ಸರಿಯೇ. ನಾನು ಆರಿಸಿ ತಂದ ಸುಂದರಾಂಗ ಬಲಗೈಯವರಿಗೆ ಮಾತ್ರ ಒಲಿಯುವಂಥದ್ದು. “ಒರಳುಕಲ್ಲು ತರೋವಾಗ ರುಬ್ಬೋರನ್ನ ಜೊತೇಲಿ ಕರಕೊಂಡು ಹೋಗಬೇಕು ರೀ” ಎಂದು ವನಜ ಲೋಟ ಎತ್ತಿಕೊಂಡು ಒಳಗೆ ಹೋದಳು. ಮೂರು ಪುಸ್ತಿಕೆಗಳಲ್ಲಿ ಎಲ್ಲೂ ಇಲ್ಲದ ಮಾತು ಅದು.

ಬೆಳಿಗ್ಗೆ ಮುಟುವಾ ಅವರನ್ನೇ ಕರೆದುಕೊಂಡು ಅಂಗಡಿಗೆ ಹೋದೆ. ಹತ್ತು ದಿನದಲ್ಲಿ ಅದು ಆರನೆಯ ದಿನ. “ಶಾಶ್ವತ ಅಂದಿರಿ, ಎರಡು ದಿವಸ ಆಗಲಿಲ್ಲ” ಎಂದು ಪಿಂಟೊ ನಕ್ಕರು. ಬಿಲ್ಲುಗಳನ್ನೆಲ್ಲ ಮುಟುವಾ ಅವರ ಮುಂದೆ ಇಟ್ಟು, “ನೀವೇ ಆರಿಸಿ” ಎಂದೆ. ಅವರು ನನ್ನ ಮುಖ ನೋಡಿದರು, ಪಿಂಟೊ ಮುಖ ನೋಡಿದರು, ಇದು ತಮಾಷೆಯೋ ಏನೋ ಎಂದು. ಆಮೇಲೆ ಕಣ್ಣು ಮುಚ್ಚಿ, ಈಳಿಗೆಮಣೆಯ ಹಾಗಿದ್ದ ಆ ಹಸಿರು ಹಲಗೆಯನ್ನು ಎಡಗೆನ್ನೆಗೆ ಎತ್ತಿ ಹಿಡಿದು, ಇಳಿಸಿ, ಮತ್ತೆ ಎತ್ತಿದರು. ಹುರಿಯನ್ನು ಬೆರಳಲ್ಲಿ ಮೀಟಿ, ಕಿವಿ ಹತ್ತಿರ ತಂದು ಕೇಳಿದರು. ಶ್ರುತಿ ನೋಡುವ ತಂಬೂರಿಯವರ ಹಾಗೆ. “ಇದು” ಎಂದರು. ಕಣ್ಣು ತೆರೆದಾಗ ಬಣ್ಣ ನೋಡಿ ಅವರಿಗೂ ಸ್ವಲ್ಪ ಬೇಸರವಾದಂತೆ ಕಂಡಿತು. ಪಿಂಟೊ ಗಡಿಯಾರ ನೋಡಿ, “ನಿಮಗೆ ಮೂರು ದಿವಸ, ಇವರಿಗೆ ಮೂರು ನಿಮಿಷ. ಮುಂದಿನ ಸಲ ಇವರನ್ನೇ ಕಳಿಸಿ ಮಾರಾಯ್ರೆ, ನನ್ನ ಸೊಂಟ ಉಳೀತದೆ” ಎಂದರು.

ಆ ದಿನ ಮಧ್ಯಾಹ್ನವೇ ಬಯಲಿಗೆ ಹೋದರು. ಸಿಗಲಿಲ್ಲ. ಮರುದಿನವೂ ಸಿಗಲಿಲ್ಲ. ಎಂಟನೆಯ ದಿನ ನಾನೂ ರಜೆ ಬರೆದು ಹೊರಟೆ. ನನಗೆ ಕೌಂಟರಿನ ಹಿಂದೆ ಕೂರಲು ಆಗುತ್ತಿರಲಿಲ್ಲ. ವನಜ ಬುತ್ತಿ ಕಟ್ಟಿ, ಫ್ಲಾಸ್ಕಿಗೆ ಟೀ ಹಾಕಿ, ಪ್ರಾಣಿಯ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆಂದು ಯಾವಾಗಲೋ ನಾನು ಹೇಳಿದ್ದನ್ನು ನೆನಪಿಟ್ಟು, ತನ್ನದೊಂದು ಹಳೆಯ ಹತ್ತಿ ಸೀರೆಯನ್ನು ಮಡಿಸಿ ಕೊಟ್ಟಳು.

ಹತ್ತು ಗಂಟೆಯ ಹೊತ್ತಿಗೆ ಕಂಡಿತು. ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ನಿಂತಿತ್ತು. ಹತ್ತಿರದಲ್ಲೇ ಮರಿ. ಮುಟುವಾ ಇಳಿದು, ಬಗ್ಗಿ, ಹುಲ್ಲಿನಲ್ಲಿ ಕರಗಿ ಹೋದರು. ಆಮೇಲೆ ಏನೂ ಆಗಲಿಲ್ಲ. ಅಂದರೆ ನನಗೆ ಹಾಗೆ ಅನ್ನಿಸಿತು. ಒಂದು ಸಣ್ಣ ಸದ್ದು, ಯಾರೋ ಚಾಪೆ ಕೊಡವಿದ ಹಾಗೆ. ಜೀಬ್ರಾ ತೊಡೆಯ ಕಡೆ ತಿರುಗಿ ನೋಡಿ, ಇಪ್ಪತ್ತು ಹೆಜ್ಜೆ ಓಡಿ, ನಿಂತು, ನಿದ್ದೆ ಬಂದ ಮಗುವಿನ ಹಾಗೆ ತೂಗಿ ಕೂತಿತು. ಡಾಕ್ಟರು “ಈಗ, ಈಗ!” ಎಂದು ಓಡಿದರು. ನಾನೂ ಓಡಿದೆ. ಏನು ಮಾಡಬೇಕೆಂದು ತಿಳಿಯದೆ ನಿಂತವನಿಗೆ “ತಲೆ ಹಿಡಿಯಿರಿ, ಮಿಸ್ಟರ್ ಮೂರ್ತಿ” ಎಂದರು. ಸೀರೆಯನ್ನು ಕಣ್ಣಿಗೆ ಸುತ್ತಿ, ತೊಡೆಯ ಮೇಲೆ ಆ ತಲೆಯನ್ನು ಇಟ್ಟುಕೊಂಡು ಕೂತೆ. ಜೀಬ್ರಾ ಅಷ್ಟು ಬೆಚ್ಚಗಿರುತ್ತದೆ ಎಂದು ಯಾವ ರಿಜಿಸ್ಟರೂ ನನಗೆ ಹೇಳಿರಲಿಲ್ಲ. ಡಾಕ್ಟರು ಇಕ್ಕಳದಲ್ಲಿ ತಂತಿ ಕತ್ತರಿಸಿ ಎಳೆದಾಗ ನಾನು ಬೇರೆ ಕಡೆ ನೋಡಿದೆ. ಗಾಯ ತೊಳೆದು, ನೇರಳೆ ಬಣ್ಣದ ಔಷಧಿ ಹೊಡೆದು, ಎಬ್ಬಿಸುವ ಸೂಜಿ ಚುಚ್ಚಿ, “ಈಗ ಬಿಟ್ಟು ಓಡಿ” ಎಂದರು. ಓಡಿದೆ. ಅದೂ ಎದ್ದು ಓಡಿತು, ಮರಿಯ ಕಡೆಗೆ. ಸ್ವಲ್ಪ ದೂರ ಸೀರೆಯ ತುಂಡೂ ಕಿವಿಗೆ ಸಿಕ್ಕಿಕೊಂಡು ಹೋಗಿ, ಆಮೇಲೆ ಬಿತ್ತು. ಮರಿ ಬಂದು ತಾಯಿಯ ಹೊಟ್ಟೆಯ ಕೆಳಗೆ ಮೂತಿ ತೂರಿಸಿತು.

ಡಾಕ್ಟರು ಗಾಡಿಯಲ್ಲಿ ಕೂತು ಟಿಪ್ಪಣಿ ಬರೆಯುತ್ತಿದ್ದಾಗ, ನಾನೂ ಮುಟುವಾ ಅವರೂ ಅಕೇಶಿಯಾ ಮರದ ಕೆಳಗೆ ಟೀ ಕುಡಿದೆವು. ಇಷ್ಟು ಹೊತ್ತಿಗೆ ನನ್ನೊಳಗಿನ ಮಾತು ತಾನಾಗಿಯೇ ಹೊರಗೆ ಬಂತು. ಹುರಿ ಹಳೆಯದಾಗಿರಲಿಲ್ಲ. ಪೂಜೆಗೆಂದು ಮನೆಗೆ ಒಯ್ದದ್ದು ನಾನು. ಸೋಪು ಹಾಕಿ ತೊಳೆದು ಮೇಣ ತೆಗೆದದ್ದು ನಮ್ಮ ಮನೆಯಲ್ಲಿ. ನಿಮ್ಮ ಕಣ್ಣಿಗೇ ಬಡಿಯಬಹುದಿತ್ತು.

ಮುಟುವಾ ಟೀ ಊದಿದರು. “ಗೊತ್ತಿತ್ತು, ಮ್ಜೇ.”

“ಗೊತ್ತಿತ್ತಾ?”

“ಕೊಕ್ಕೆಯ ಸಂದಿಯಲ್ಲಿ ಕೆಂಪು ಪುಡಿ ಇತ್ತು. ಡಾಕ್ಟರು ನೋಡುವ ಮೊದಲು ಒರೆಸಿದೆ. ಎಳೆಯುವ ಮೊದಲು ನಾನೇ ಹುರಿ ನೋಡಬೇಕಿತ್ತು. ಕಪ್ಪು ಹೋಗಿ ಹಳದಿಯಾಗಿತ್ತು, ಹೊಸದು ಹಾಕಿದ್ದೀರಿ ಅಂದುಕೊಂಡೆ. ನನ್ನದೂ ತಪ್ಪು.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದರೆ ಮಾಮಾಗೆ ಬೇಜಾರಾಗುತ್ತೆ.” ಮಾಮಾ ಎಂದರೆ ಸ್ವಾಹಿಲಿಯಲ್ಲಿ ಅಮ್ಮ; ವನಜಳನ್ನು ಅವರು ಹಾಗೆ ಕರೆಯುತ್ತಿದ್ದರು. “ನಮ್ಮ ಅಜ್ಜನೂ ಬೇಟೆಗೆ ಮುಂಚೆ ಬಿಲ್ಲಿಗೆ ಕೊಬ್ಬು ಹಚ್ಚಿ, ಅದರ ಹತ್ತಿರ ಮಾತಾಡುತ್ತಿದ್ದ. ಮಾಮಾ ಮಾಡಿದ್ದು ಸರಿಯಾದ ಕೆಲಸ.” ಒಂದು ಗುಟುಕು ಕುಡಿದು ಸೇರಿಸಿದರು, “ನೀರು ಮಾತ್ರ ತಪ್ಪು.”

ನಾನು ರಿಜಿಸ್ಟರಿನಲ್ಲಿ ಬರೆದ ಸುಳ್ಳನ್ನೇ ಅವರು ನನಗಿಂತ ಮೊದಲು ಬಾಯಲ್ಲಿ ಹೇಳಿದ್ದರು, ನನಗಾಗಿ. ಅಸಾಂಟೆ ಎಂದೆ. ಅಷ್ಟು ವರ್ಷದಲ್ಲಿ ದಿನಕ್ಕೆ ಹತ್ತು ಸಲ ಬಳಸಿದ ಆ ಥ್ಯಾಂಕ್ಸಿನ ಮಾತನ್ನು ಆ ದಿನ ಎದ್ದು ನಿಂತು ಹೇಳಿದೆ. ಅವರು “ಸವಾ, ಮ್ಜೇ” ಎಂದು ಲೋಟ ಕೊಡವಿದರು. ಸಂಜೆ ಡಾಕ್ಟರಿಗೂ ಹೇಳಿದೆ. ಅವರು “ಮುಂದಿನ ವರ್ಷ ನನ್ನ ಸಿರಿಂಜನ್ನೂ ಒಯ್ಯಿರಿ, ಆದರೆ ತೊಳೆಯುವ ಕೆಲಸ ನನಗೆ ಬಿಡಿ” ಎಂದರು. ಕಡೆಗೆ ವನಜಳಿಗೂ ಹೇಳಿದೆ. ಅವಳು ಅತ್ತಳು, ಆಮೇಲೆ ನನ್ನನ್ನು ಬೈದಳು, ಆಮೇಲೆ ಮುಟುವಾ ಅವರಿಗೆ ಒಂದು ಡಬ್ಬಿ ಚಕ್ಕುಲಿ ಕರಿದಳು. ನನಗೆ ಮುರಿದ ಚೂರುಗಳು ಸಿಕ್ಕವು.

ಮುಂದಿನ ವರ್ಷ ಆಯುಧಪೂಜೆಗೆ ಅವಳು ಬಾಯಿ ಬಿಟ್ಟು ಕೇಳಲಿಲ್ಲ, ನಾನೂ ಮಾತೆತ್ತಲಿಲ್ಲ. ಸ್ಟೇಪ್ಲರನ್ನು ಸುಮ್ಮನೆ ಪೀಠದ ಮೇಲೆ ಇಟ್ಟಿದ್ದಳು. ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ನೋಡಿದರೆ ಮುಟುವಾ. ಇಸ್ತ್ರಿ ಮಾಡಿದ ಅಂಗಿ, ತೋಳಿನಲ್ಲಿ ಕಂಬಳಿ ಸುತ್ತಿದ ಅಡ್ಡಬಿಲ್ಲು. ಬಿಚ್ಚಿದರೆ ಬಿಲ್ಲಿಗೆ ಹುರಿಯೇ ಇಲ್ಲ. “ಹುರಿ ಎಲ್ಲಿ?” ಎಂದೆ. ಅವರು ಜೇಬು ತಟ್ಟಿ ತೋರಿಸಿದರು. “ಇಲ್ಲಿ ಭದ್ರ ಇದೆ. ಮಾಮಾ ಉಳಿದದ್ದನ್ನು ಎಷ್ಟು ಬೇಕಾದರೂ ತೊಳೆಯಲಿ.”

ಆ ಹಸಿರು ಈಳಿಗೆಮಣೆ ಹೂವು ಮುಡಿದು ಕೂತಾಗ ಪಿಂಟೊ ಅಂಗಡಿಯ ಆ ಸುಂದರಾಂಗನ ನೆನಪೂ ನನಗೆ ಬರಲಿಲ್ಲ. ಪೂಜೆ ಮುಗಿದು ವನಜ ಪ್ರಸಾದ ತಂದಳು. ಮುಟುವಾ ಹಿಂದಿನ ವರ್ಷದ ಪಾಠ ನೆನಪಿಟ್ಟು, ಬಹಳ ಎಚ್ಚರದಿಂದ, ಬಲಗೈ ಚಾಚಿದರು. ಅವಳು ಅದಕ್ಕೆ ಪ್ರಸಾದ ಇಟ್ಟಳು. ಒಂದು ಕಾಳೂ ಚೆಲ್ಲಲಿಲ್ಲ; ವರ್ಷವಿಡೀ ಅಭ್ಯಾಸ ಮಾಡಿದ್ದರೋ ಏನೋ. ಆದರೆ ಅವಳು ಅಲ್ಲಿಗೇ ಬಿಡಲಿಲ್ಲ. ಅರಿಸಿನದ ದಾರ ತೆಗೆದುಕೊಂಡು, “ಈಗ ಆ ಕೈ ಕೊಡಿಯಪ್ಪ” ಎಂದಳು. ಅವರಿಗೆ ಅರ್ಥವಾಗಲಿಲ್ಲ. ಅವಳೇ ಅವರ ಎಡಗೈ ಎಳೆದುಕೊಂಡು ಮಣಿಕಟ್ಟಿಗೆ ದಾರ ಕಟ್ಟಿ, ಕುಂಕುಮ ಇಟ್ಟು, ನನ್ನ ಕಡೆ ತಿರುಗಿ, “ಆಯುಧ ಅಂದರೆ ಇದು ತಾನೇ ರೀ” ಎಂದಳು. ಮುಟುವಾ ಆ ಕೈಯನ್ನು ಬಹಳ ಹೊತ್ತು ಹಾಗೇ ಮುಂದಕ್ಕೆ ಹಿಡಿದುಕೊಂಡೇ ನಿಂತಿದ್ದರು, ಬಣ್ಣ ಒಣಗಬೇಕಾದ ಸಾಮಾನಿನ ಹಾಗೆ.

ನಾನೂ ಸಡಗರದಿಂದ ನನ್ನ ಎರಡೂ ಕೈ ಮುಂದೆ ಚಾಚಿದೆ. ವನಜ ಅವುಗಳನ್ನು ನೋಡಿದಳು, ತಿರುಗಿಸಿಯೂ ನೋಡಿದಳು, ನಾನು ಅಂಗಡಿಯಲ್ಲಿ ಬದನೆಕಾಯಿ ನೋಡುವ ಹಾಗೆ. ಆಮೇಲೆ ಪೀಠದ ಮೂಲೆಯಿಂದ ಸ್ಟೇಪ್ಲರನ್ನು ತೆಗೆದು, ಅದರ ತಲೆಗೆ ಚಿಟಿಕೆ ಕುಂಕುಮ ಹೆಚ್ಚಿಗೆ ಹಚ್ಚಿ, ನನ್ನ ಕೈಯಲ್ಲಿ ಇಟ್ಟಳು.